ಡೆಲ್ಬರ್ಟ್ ಹಕಬಿಯ ಮಣಿಕಟ್ಟು

ಮಿಸ್ಸೂರಿ ಸೀಮೆಯ ಎಲ್ಕ್ ಫೋರ್ಕ್ ಊರಿನಲ್ಲಿ ಡೆಲ್ಬರ್ಟ್ ಹಕಬಿಗೆ ಆದಷ್ಟು ಅನ್ಯಾಯ ಭೂಮಿಯ ಮೇಲೆ ಮತ್ತಾರಿಗೂ ಆಗಿಲ್ಲ ಎಂದು ಹೇಳುವವನು ಒಬ್ಬನಿದ್ದಾನೆ. ಅವನ ಹೆಸರು ಡೆಲ್ಬರ್ಟ್ ಹಕಬಿ. ಊರಿನ ಉಳಿದವರ ಅಭಿಪ್ರಾಯ ಬೇರೆ. ಆದರೆ ಕಥೆಯನ್ನು ಯಾರಾದರೂ ಒಬ್ಬರ ಪಕ್ಕದಲ್ಲಿ ಕೂತೇ ಹೇಳಬೇಕಾದ್ದರಿಂದ, ನಾವು ಸದ್ಯಕ್ಕೆ ಡೆಲ್ಬರ್ಟನ ಪಕ್ಕದಲ್ಲಿ ಕೂರೋಣ. ಅಲ್ಲಿ ಜಾಗವೂ ಧಾರಾಳವಾಗಿದೆ, ಯಾಕೆಂದರೆ ಅವನು ಸಿಟ್ಟಿನಲ್ಲಿರುವಾಗ ಬೇರೆ ಯಾರೂ ಅಲ್ಲಿ ಕೂರುವುದಿಲ್ಲ.

ಮೂವತ್ನಾಲ್ಕು ವರ್ಷ ಅಂಗಡಿಯೊಂದರಲ್ಲಿ ಕಾರ್ಪೆಟ್ ಮಾರಿ ನಿವೃತ್ತನಾದ ಡೆಲ್ಬರ್ಟನಿಗೆ ಅರವತ್ತಮೂರನೆಯ ವಯಸ್ಸಿನಲ್ಲಿ ಒಂದು ಪದವಿ ಸಿಕ್ಕಿತ್ತು. ಅವರ ಚರ್ಚಿನಲ್ಲಿ ಆರು ಜನರ ರಕ್ಷಣಾ ಪಡೆ. ಭಾನುವಾರದ ಪ್ರಾರ್ಥನೆ ನಡೆಯುವಾಗ ಸೊಂಟದಲ್ಲಿ ಪಿಸ್ತೂಲಿಟ್ಟುಕೊಂಡು ಬಾಗಿಲು, ಕಾರುಗಳ ಬಯಲು, ಮಕ್ಕಳ ಕೋಣೆ ಇವನ್ನೆಲ್ಲ ಕಾಯುವುದು ಅದರ ಕೆಲಸ. ಆ ಪಡೆಗೆ ಡೆಲ್ಬರ್ಟ್ ಮುಖ್ಯಸ್ಥ. ಮುಖ್ಯಸ್ಥನಿಗೆ ಎದೆಯ ಮೇಲೆ ಒಂದು ಬಿಲ್ಲೆ, ಹಿಂದಿನ ಬಾಗಿಲ ಪಕ್ಕ ಕೈಯಿರುವ ಮೆತ್ತನೆಯ ಒಂದು ಕುರ್ಚಿ. ಉಳಿದ ಭಕ್ತರು ಗಟ್ಟಿ ಮರದ ಬೆಂಚಿನಲ್ಲಿ ನೆಟ್ಟಗೆ ಕೂತು ಒಂದೂವರೆ ಗಂಟೆ ಪ್ರವಚನ ಕೇಳಬೇಕು. ಡೆಲ್ಬರ್ಟ್ ಮಾತ್ರ ಗೋಡೆಗೆ ಒರಗಿ, ಕೈಕಟ್ಟಿ, ಕಣ್ಣನ್ನು ಅರ್ಧ ಮುಚ್ಚಿ ಕೂರಬಹುದು. ಅವನು ತೂಕಡಿಸಿದರೂ ನೋಡಿದವರು ನಿಗಾ ಇಟ್ಟಿದ್ದಾನೆ ಎಂದೇ ತಿಳಿಯುತ್ತಿದ್ದರು. ಇಂಥ ಕುರ್ಚಿಯನ್ನು ಯಾರು ತಾನೇ ಸುಮ್ಮನೆ ಬಿಟ್ಟುಕೊಡುತ್ತಾರೆ?

ಆ ವರ್ಷ ಚರ್ಚಿನ ವಿಮಾ ಕಂಪನಿ ಒಂದು ಹೊಸ ನಿಯಮ ತಂದಿತು. ಪಡೆಯ ಪ್ರತಿಯೊಬ್ಬನೂ ಶೆರೀಫನ ಕಚೇರಿಯ ಪೊಲೀಸ್ ಅಧಿಕಾರಿಯ ಎದುರು ಮೂವತ್ತು ಗುಂಡು ಹಾರಿಸಿ ತೋರಿಸಬೇಕು. ಗುರಿ ತಪ್ಪಬಾರದು, ನಡುವೆ ಪಿಸ್ತೂಲು ಎರಡಕ್ಕಿಂತ ಹೆಚ್ಚು ಸಲ ಸಿಕ್ಕಿಹಾಕಿಕೊಳ್ಳಬಾರದು. ಹೆಚ್ಚಾದರೆ ಅವನು ಪಿಸ್ತೂಲು ಮನೆಯಲ್ಲಿಟ್ಟು, ಚರ್ಚಿನ ಹಜಾರದ ಡೋನಟ್ ಮೇಜಿನ ಹಿಂದೆ ನಿಂತು ಬಂದವರಿಗೆ ಕಾಫಿ ಬಗ್ಗಿಸಬೇಕು. ಹಿಂದಿನ ಮುಖ್ಯಸ್ಥ ಕಣ್ಣಿನ ಪೊರೆಯಿಂದಾಗಿ ಆ ಮೇಜಿಗೆ ಹೋದವನು ಮತ್ತೆ ವಾಪಸಾಗಿರಲಿಲ್ಲ.

ಡೆಲ್ಬರ್ಟ್ ನಕ್ಕುಬಿಟ್ಟ. ಪಿಸ್ತೂಲಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಏನೂ ಇರಲಿಲ್ಲ, ಅಥವಾ ಗೊತ್ತಿಲ್ಲದ್ದರ ಬಗ್ಗೆಯೂ ಅವನು ಅಷ್ಟೇ ಹೊತ್ತು ಮಾತಾಡಬಲ್ಲವನಾಗಿದ್ದ. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಪುಟ್ಟ ಪಿಸ್ತೂಲು ಅವನದು. ಅದರ ಹಿಡಿಯೊಳಗೆ ಗುಂಡಿನ ಡಬ್ಬಿ ಕೂರುತ್ತದೆ, ಅದಕ್ಕೆ ಮ್ಯಾಗಜಿನ್ ಎನ್ನುತ್ತಾರೆ. ಅಡಿಯ ಸ್ಪ್ರಿಂಗು ಗುಂಡುಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಬೇಕು, ಪಿಸ್ತೂಲು ಅವನ್ನು ಒಂದೊಂದಾಗಿ ನುಂಗಬೇಕು. ಪಿಸ್ತೂಲಿನ ಜೊತೆ ಕಂಪನಿಯ ಮ್ಯಾಗಜಿನ್ ಎರಡು ಬಂದಿದ್ದವು. ಇನ್ನೂ ಬೇಕೆನಿಸಿದಾಗ ಡೆಲ್ಬರ್ಟ್ ಬಂದೂಕಿನ ಸಂತೆಯಲ್ಲಿ ಯಾರದೋ ಮೇಜಿನಿಂದ ಅಗ್ಗದ ನಾಲ್ಕನ್ನು ಆರಿಸಿ ತಂದಿದ್ದ. ತಗಡಿನ ಡಬ್ಬಿ, ಒಳಗೊಂದು ಸ್ಪ್ರಿಂಗು, ಅಷ್ಟಕ್ಕೆ ಕಂಪನಿಯ ಮುದ್ರೆ ನೋಡಿ ದುಡ್ಡು ಸುರಿಯುವವರು ಮೂರ್ಖರು ಎಂದು ಪಡೆಯ ಐವರಿಗೂ ಪಾಠ ಹೇಳಿದ್ದ. ಐವರೂ ಹೋಗಿ ಅದೇ ಮೇಜಿನಿಂದ ಅಂಥವನ್ನೇ ತಂದಿದ್ದರು.

ಪರೀಕ್ಷೆಗೆ ಎರಡು ವಾರ ಇರುವಾಗ ಡೆಲ್ಬರ್ಟ್ ಊರಾಚೆಯ ಗುರಿ ಮೈದಾನಕ್ಕೆ ಅಭ್ಯಾಸಕ್ಕೆ ಹೋದ. ಮೊದಲನೆಯ ಗುಂಡು ಹಾರಿತು. ಎರಡನೆಯದೂ ಹಾರಿತು. ಮೂರನೆಯದರ ಹೊತ್ತಿಗೆ ಖಾಲಿ ತೋಟಾ ಹೊರಗೆ ಬೀಳದೆ ಪಿಸ್ತೂಲಿನ ಪಕ್ಕದ ಕಿಂಡಿಯ ಬಾಯಲ್ಲೇ ನೆಟ್ಟಗೆ ನಿಂತುಕೊಂಡಿತು. ಅದನ್ನು ಕಿತ್ತು ಮತ್ತೆ ಹಾರಿಸಿದರೆ ಇನ್ನೆರಡಕ್ಕೆ ಅದೇ ಕಥೆ. ಪಕ್ಕದ ಸಾಲಿನಲ್ಲಿ ಲಾಯ್ಡ್ ಪೆಟಿಗ್ರೂ ನಿಂತಿದ್ದ. ಪಡೆಯಲ್ಲಿ ಕಾರುಗಳ ಬಯಲು ಕಾಯುವ ಕೆಲಸ ಅವನದು. ಚಳಿಗಾಲವೆಲ್ಲ ಹಿಮದಲ್ಲಿ ನಿಂತು ಕುರ್ಚಿಯ ಕನಸು ಕಂಡವನು. ಅವನು ಬಹಳ ಮರುಕದಿಂದ ತಲೆಯಾಡಿಸಿದ. ಡೆಲ್ಬರ್ಟನಿಗೆ ಮೈಯೆಲ್ಲ ಉರಿದುಹೋಯಿತು.

ತಪ್ಪು ಎಣ್ಣೆಯದು ಎಂದು ಅವನು ಮೊದಲು ತೀರ್ಮಾನಿಸಿದ. ಮನೆಗೆ ಬಂದು ಪಿಸ್ತೂಲಿಗೆ ಅಭ್ಯಂಜನ ಮಾಡಿಸಿದ. ಅಷ್ಟು ಸಾಲದೆಂದು ಆರು ಮ್ಯಾಗಜಿನ್ನುಗಳ ಹೊಟ್ಟೆಗೂ ಎಣ್ಣೆ ಬಿಟ್ಟ. ಮರುದಿನ ಸೊಂಟದಲ್ಲಿಟ್ಟುಕೊಂಡು ಓಡಾಡಿದ್ದರಿಂದ ಜೇಬಿನ ನೂಲು, ದೂಳು, ಬಿಸ್ಕತ್ತಿನ ಪುಡಿ ಎಲ್ಲ ಒಳಗೆ ಸೇರಿ ಕಲಸಿದ ಹಿಟ್ಟಿನಂತೆ ಗಟ್ಟಿಯಾಯಿತು. ಪ್ಯಾಂಟಿಗೆ ಅಂಗೈಯಗಲದ ಕಲೆಯಾಯಿತು. ಹೆಂಡತಿ ನೋರೀನ್ ಆ ಪ್ಯಾಂಟನ್ನು ಎರಡು ಬೆರಳಲ್ಲಿ ಹಿಡಿದು ತಂದು, ಮೂವತ್ತಾರು ವರ್ಷದ ಸಂಸಾರದಲ್ಲಿ ತಾನು ಒಗೆದದ್ದೆಲ್ಲವನ್ನೂ ಒಂದೊಂದಾಗಿ ನೆನಪಿಸಿದಳು.

ಎಣ್ಣೆಯಿಂದ ಪ್ರಯೋಜನವಾಗದೆ ಅವನು ಬಂದೂಕಿನ ಅಂಗಡಿಯ ಗಸ್ ಟ್ರೌಟ್‌ಮನ್‌ನ ಹತ್ತಿರ ಹೋದ. ಗಸ್ ಎಂಬತ್ತು ಕೇಜಿಯ ಮೌನ. ಅವನು ಆರೂ ಮ್ಯಾಗಜಿನ್ನುಗಳನ್ನು ಬಿಚ್ಚಿ, ಎಣ್ಣೆ ಒರೆಸಿ, ಒಳಗೆ ಒಣಗಿರಬೇಕು ಎಂದ. ಪ್ರತಿಯೊಂದರ ಅಡಿಗೂ ಬಿಳಿ ಬಣ್ಣದಲ್ಲಿ ನಂಬರು ಬರೆದ. ಯಾವುದು ಕೈಕೊಡುತ್ತದೆ ಎಂದು ತಿಳಿಯಬೇಕಾದರೆ ಅವಕ್ಕೆ ಗುರುತಿರಬೇಕು, ಎಲ್ಲವನ್ನೂ ಒಂದೇ ಚೀಲದಲ್ಲಿ ಕಲಸಿದರೆ ಕಳ್ಳನನ್ನು ಹಿಡಿಯುವುದು ಹೇಗೆ ಎಂದು ಕೇಳಿದ. ಆಮೇಲೆ ಅಂಗಡಿಯ ಹಿಂದಿನ ಮಣ್ಣಿನ ದಿಬ್ಬಕ್ಕೆ ತಾನೇ ಹಾರಿಸಿ ನೋಡಿದ. ಕಂಪನಿಯ ಒಂದು, ಎರಡು ಸರಾಗ. ಸಂತೆಯ ಮೂರು, ಐದು ಹೇಗೋ ನಡೆದವು. ನಾಲ್ಕು ಮತ್ತು ಆರು ಅವನ ಕೈಯಲ್ಲೂ ಸಿಕ್ಕಿಕೊಂಡವು. ನಾಲ್ಕರ ಬಾಯಿಯ ಅಂಚು ಅಗಲಿಸಿತ್ತು, ಆರರ ಸ್ಪ್ರಿಂಗಿಗೆ ಜೀವವೇ ಇರಲಿಲ್ಲ.

ಅಪರಾಧಿ ಸಿಕ್ಕಿದ್ದಕ್ಕೆ ಡೆಲ್ಬರ್ಟನಿಗಾದ ಸಂತೋಷ ಅಷ್ಟಿಷ್ಟಲ್ಲ. ಅವೆರಡನ್ನು ಸುತ್ತಿಗೆಯಿಂದ ಜಜ್ಜಿ ಬಿಸಾಕು, ಇಟ್ಟುಕೊಂಡರೆ ಯಾವತ್ತೋ ಮರೆತು ಮತ್ತೆ ತುಂಬುತ್ತೀಯ ಎಂದು ಗಸ್ ಹೇಳಿದ. ಡೆಲ್ಬರ್ಟ್ ಜಜ್ಜಲಿಲ್ಲ. ನಾಲ್ಕನೆಯದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅಂಚೆ ಕಚೇರಿ, ಕ್ಷೌರದಂಗಡಿ, ಚರ್ಚಿನ ಮೆಟ್ಟಿಲು ಎಲ್ಲ ಕಡೆ ತೆಗೆದು ತೋರಿಸಿ, ಇವತ್ತಿನ ಕಾರ್ಖಾನೆಗಳ ನೀತಿಗೇಡಿತನದ ಬಗ್ಗೆ ಮಾತಾಡಿದ. ಕಾರ್ಪೆಟ್ಟಿನ ಕಾಲದಲ್ಲಿ ತಾನು ಹೀಗೆ ಮಾಡಿದ್ದರೆ ಜನ ತನ್ನನ್ನು ಅದೇ ಕಾರ್ಪೆಟ್ಟಿನಲ್ಲಿ ಸುತ್ತುತ್ತಿದ್ದರು ಎಂದ. ಇಂಥದ್ದನ್ನೇ ಕೊಳ್ಳಿರೆಂದು ಪಡೆಗೆಲ್ಲ ಪಾಠ ಹೇಳಿದವನು ಯಾರು ಎಂಬುದು ಅವನಿಗೂ ನೆನಪಾಗಲಿಲ್ಲ, ಕೇಳಿದವರೂ ದಾಕ್ಷಿಣ್ಯಕ್ಕೆ ನೆನಪಿಸಲಿಲ್ಲ.

ತೊಂದರೆ ಏನೆಂದರೆ, ಗಸ್‌ನ ಕೈಯಲ್ಲಿ ಸರಾಗವಾಗಿದ್ದ ಒಂದು ಮತ್ತು ಎರಡನೆಯ ನಂಬರು ಡೆಲ್ಬರ್ಟನ ಕೈಗೆ ಬಂದೊಡನೆ ಮೂರನೆಯ ಗುಂಡಿಗೆ ಸಿಕ್ಕಿಕೊಂಡವು. ಅಂಗಡಿಯಿಂದ ಕಂಪನಿಯದೇ ಹೊಸದೊಂದನ್ನು ಕೊಂಡು ತಂದ, ಅದೂ ಸಿಕ್ಕಿಕೊಂಡಿತು. ಗುಂಡಿನ ಜಾತಿ ಬದಲಿಸಿದ, ಆಗಲೂ ಸಿಕ್ಕಿಕೊಂಡಿತು. ಕೊನೆಗೆ ಗಸ್ ಗಂಟಲು ಸರಿಮಾಡಿಕೊಂಡು, "ಡೆಲ್, ನೀನು ಅದನ್ನ ಹೇಗೆ ಹಿಡೀತೀಯ, ಒಂದು ಸಲ ತೋರಿಸು" ಎಂದ. ಡೆಲ್ಬರ್ಟ್ ಕೆಂಡಾಮಂಡಲವಾದ. ತನ್ನ ಹನ್ನೆರಡನೆಯ ವಯಸ್ಸಿನಿಂದ ಬಂದೂಕು ಹಿಡಿದವನಿಗೆ ಹಿಡಿಯುವುದು ಹೇಗೆ ಎಂದು ಕೇಳುವುದು, ಅದೂ ಅಂಗಡಿಯ ತುಂಬ ಗಿರಾಕಿಗಳಿರುವಾಗ. ಅವನು ಬಾಗಿಲು ದಬಾರನೆ ಹಾಕಿಕೊಂಡು ಹೊರಬಿದ್ದ.

ಅವತ್ತೇ ಅವನು ಪಿಸ್ತೂಲಿನ ಕಂಪನಿಗೆ ಇ-ಮೇಲ್ ಬರೆದ. ನಾಲ್ಕು ಪುಟದ ಆ ಪತ್ರದಲ್ಲಿ ಅವನ ತಾತ ಯಾವ ಯುದ್ಧದಲ್ಲಿ ಕಾದಿದ್ದ ಎಂಬುದೂ ಇತ್ತು. ಕಂಪನಿಯಿಂದ ಮರುದಿನವೇ ಬಹಳ ನಯವಾದ ಉತ್ತರ ಬಂತು. ಪಿಸ್ತೂಲು ಪುಟ್ಟದಾದಷ್ಟೂ ಹಿಡಿತ ಗಟ್ಟಿಯಿರಬೇಕು, ಹಾರಿಸುವಾಗ ಮಣಿಕಟ್ಟು ಸಡಿಲವಾಗಿ ಹಿಂದಕ್ಕೆ ಬಗ್ಗಿದರೆ ಮೇಲಿನ ಭಾಗ ಪೂರ್ತಿ ಹಿಂದಕ್ಕೆ ಜಾರುವುದಿಲ್ಲ, ಆಗ ಖಾಲಿ ತೋಟಾ ಹೊರಬೀಳುವುದಿಲ್ಲ, ಮುಂದಿನ ಗುಂಡು ಒಳಗೆ ಹೋಗುವುದಿಲ್ಲ. ಮಾನ್ಯರೇ, ತಮ್ಮ ಮಣಿಕಟ್ಟನ್ನು ದಯವಿಟ್ಟು ಪರೀಕ್ಷಿಸಿಕೊಳ್ಳುವಿರಾ?

ಡೆಲ್ಬರ್ಟ್ ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದ. ನೋರೀನ್ ಒಲೆಯ ಮುಂದೆ ನಿಂತು ಬೀನ್ಸ್ ಕದಡುತ್ತಿದ್ದಳು. ಗಂಡನ ಮಾತಿನಲ್ಲಿ ಹತ್ತಕ್ಕೆ ಒಂದನ್ನು ಮಾತ್ರ ಕೇಳಿಸಿಕೊಳ್ಳುವ ಅಭ್ಯಾಸ ಅವಳಿಗೆ ಮದುವೆಯಾದ ಎರಡನೆಯ ವರ್ಷವೇ ಬಂದಿತ್ತು. ಅವತ್ತು ಅವಳಿಗೆ ಕೇಳಿದ್ದು ಇಷ್ಟು: ಗಂಡನ ಮಣಿಕಟ್ಟಿಗೆ ಬಲವಿಲ್ಲವಂತೆ, ದೊಡ್ಡ ಕಂಪನಿಯವರೇ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಿದ್ದಾರಂತೆ, ಅವನಿಗೆ ಅದನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲ. ಅವಳ ಕಣ್ಣು ತುಂಬಿತು. ಅವನು ಆ ಕಡೆ ಹೋದೊಡನೆ ಅವಳು ಫೋನು ಎತ್ತಿಕೊಂಡಳು.

ಎಲ್ಕ್ ಫೋರ್ಕಿನ ಚರ್ಚಿಗೆ ಒಂದು ಪ್ರಾರ್ಥನಾ ಸರಪಳಿಯಿದೆ. ಯಾರಿಗಾದರೂ ಕಷ್ಟ ಬಂದರೆ ಮೊದಲನೆಯವಳು ಎರಡನೆಯವಳಿಗೆ ಫೋನು ಮಾಡಬೇಕು, ಎರಡನೆಯವಳು ಮೂರನೆಯವಳಿಗೆ. ಹೀಗೆ ಹದಿನಾಲ್ಕು ಮನೆ ದಾಟಿ ಊರೆಲ್ಲ ಆ ಕಷ್ಟಕ್ಕಾಗಿ ಪ್ರಾರ್ಥಿಸುತ್ತದೆ. ವ್ಯವಸ್ಥೆ ಬಹಳ ಒಳ್ಳೆಯದು. ಅದರ ಒಂದೇ ದೋಷವೆಂದರೆ, ಪ್ರತಿಯೊಬ್ಬಳಿಗೂ ಪ್ರೀತಿ ಹೆಚ್ಚು, ಆದ್ದರಿಂದ ಪ್ರತಿ ಮನೆಯಲ್ಲೂ ಕಷ್ಟ ಸ್ವಲ್ಪ ಬೆಳೆಯುತ್ತದೆ. ನೋರೀನ್ ಹೇಳಿದ್ದು ಮಣಿಕಟ್ಟಿನ ನಿಶ್ಶಕ್ತಿ. ನಾಲ್ಕನೆಯ ಮನೆಯಲ್ಲಿ ಅದು ಮೂಳೆಸವೆತವಾಯಿತು. ಒಂಬತ್ತನೆಯ ಮನೆಯಲ್ಲಿ ನರಕ್ಕೆ ಏರಿತು. ಹದಿನಾಲ್ಕನೆಯ ಮನೆಯ ವರ್ನಾ ಸ್ಟಬಲ್‌ಫೀಲ್ಡ್‌ಳನ್ನು ತಲುಪುವಾಗ, ಕೈ ಉಳಿಸಿಕೊಳ್ಳಲು ಆಗುತ್ತದೋ ಇಲ್ಲವೋ ಎಂದು ದೊಡ್ಡಾಸ್ಪತ್ರೆಯ ತಜ್ಞರು ತಲೆ ಕೆಡಿಸಿಕೊಂಡಿದ್ದರು. ವರ್ನಾ ನಿವೃತ್ತ ನರ್ಸು. ರೋಗಿಯ ಮನೆಗೆ ಊಟ ಒಯ್ಯುವುದು ಊರಿನ ವಾಡಿಕೆ, ಅವಳು ಕೂಡಲೇ ಏಪ್ರನ್ ಕಟ್ಟಿಕೊಂಡಳು.

ಮರುದಿನ ಬೆಳಗ್ಗೆ ಹತ್ತು ಗಂಟೆಗೆ ವರ್ನಾಳ ಟ್ಯೂನಾ ಮೀನಿನ ನೂಡಲ್ಸಿನ ಗಾಜಿನ ತಟ್ಟೆ ಬಂತು, ಓವನ್ನಿನಿಂದ ಇಳಿಸಿದ ಬಿಸಿಯಲ್ಲಿ. ಹನ್ನೊಂದಕ್ಕೆ ಇನ್ನೊಬ್ಬರ ಆಲೂಗಡ್ಡೆ ಚೀಸು. ಮಧ್ಯಾಹ್ನಕ್ಕೆ ಮಾಂಸದ ಕಡುಬು ಎರಡು. ಪ್ರತಿ ತಟ್ಟೆಯ ಅಡಿಗೂ ಅಂಟುಪಟ್ಟಿಯ ಮೇಲೆ ಯಜಮಾನಿಯ ಹೆಸರು. ಹೆಸರಿರುವ ತಟ್ಟೆ ಎಂದರೆ ತಿಂದು, ತೊಳೆದು, ಕೃತಜ್ಞತೆಯ ಸಮೇತ ಹಿಂತಿರುಗಿಸಬೇಕು ಎಂದರ್ಥ. ಡೆಲ್ಬರ್ಟ್ ಬಾಗಿಲಲ್ಲಿ ನಿಂತು, ತನಗೇನೂ ಆಗಿಲ್ಲ ಎಂದು ಬಂದವರಿಗೆಲ್ಲ ಕೂಗಿ ಹೇಳಿದ. ಬಂದವರೆಲ್ಲ ಅವನ ಧೈರ್ಯವನ್ನು ನೋಡಿ ಕಣ್ಣೊರೆಸಿಕೊಂಡು ಹೋದರು. ಅವನು ಕೈಯನ್ನು ಗಾಳಿಯಲ್ಲಿ ಜೋರಾಗಿ ಬೀಸಿ ತೋರಿಸಿದರೆ, ಪಾಪ ನಡುಕವೂ ಶುರುವಾಗಿದೆ ಎಂದುಕೊಂಡರು.

ಭಾನುವಾರ ಚರ್ಚಿಗೆ ಹೋಗಿ ನೋಡಿದರೆ ಅವನ ಕುರ್ಚಿಯಲ್ಲಿ ಲಾಯ್ಡ್ ಪೆಟಿಗ್ರೂ ಗೋಡೆಗೆ ಒರಗಿ, ಕೈಕಟ್ಟಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದ.

"ನೀವು ಹುಷಾರಾಗೋ ತನಕ ಮಾತ್ರ, ಬ್ರದರ್," ಎಂದ ಲಾಯ್ಡ್, "ಪಾಸ್ಟರೇ ಹೇಳಿದ್ರು. ಆ ಕೈಗೆ ಆಯಾಸ ಮಾಡ್ಕೋಬೇಡಿ."

ಪಾಸ್ಟರ್ ಕಲ್ಪೆಪರ್ ಒಳ್ಳೆಯ ಮನುಷ್ಯ. ರೋಗಿಯ ಜೊತೆ ವಾದ ಮಾಡಬಾರದೆಂದು ಎಲ್ಲೋ ಕಲಿತಿದ್ದ. ಡೆಲ್ಬರ್ಟ್ ಅವನನ್ನು ಮೂಲೆಗೆ ಕರೆದುಕೊಂಡು ಹೋಗಿ, ತನ್ನ ಮಣಿಕಟ್ಟು ಎತ್ತಿನ ಮಣಿಕಟ್ಟಿನಷ್ಟು ಗಟ್ಟಿಯಿದೆ, ದೋಷ ಇರುವುದು ಪಿಸ್ತೂಲಿನಲ್ಲಿ ಎಂದ. ಹಾಗಾದರೆ ಕೆಟ್ಟ ಪಿಸ್ತೂಲು ಇಟ್ಟುಕೊಂಡು ಬಾಗಿಲಲ್ಲಿ ಕೂರುವುದು ಸರಿಯೇ ಎಂದು ಪಾಸ್ಟರ್ ಮೃದುವಾಗಿ ಕೇಳಿದ. ಪಿಸ್ತೂಲು ಚೆನ್ನಾಗಿದೆ ಎಂದು ಡೆಲ್ಬರ್ಟ್ ತಿದ್ದಿಕೊಂಡ. ಪಿಸ್ತೂಲು ಚೆನ್ನಾಗಿದ್ದು ಸಿಕ್ಕಿಕೊಳ್ಳುವುದಾದರೆ ಉಳಿದದ್ದು ಕೈಯಲ್ಲವೇ ಎಂದು ಪಾಸ್ಟರ್ ಅವನ ಹೆಗಲ ಮೇಲೆ ಕೈಯಿಟ್ಟ. ಡೆಲ್ಬರ್ಟ್ ಸಿಟ್ಟಿನಿಂದ ಆ ಕೈಯನ್ನು ಹೆಗಲಿಂದ ಕೊಡವಿಕೊಂಡ. ಶನಿವಾರದ ಪರೀಕ್ಷೆಯಲ್ಲಿ ಗೆದ್ದರೆ ಕುರ್ಚಿ ವಾಪಸು ಕೊಡುತ್ತೇನೆ ಎಂದು ಪಾಸ್ಟರ್ ಮಾತು ಕೊಟ್ಟ.

ಆ ವಾರ ಅತ್ತೆ ಇಮೋಜೀನ್ ಕೂಡ ಈ ವಿಷಯಕ್ಕೆ ಕೈಹಾಕಿದಳು. ನೋರೀನಳ ತಾಯಿ, ಎಂಬತ್ತೆರಡು ವರ್ಷ, ಮಗಳ ಮನೆಯ ಹಿಂದಿನ ಕೋಣೆಯಲ್ಲಿ ವಾಸ. ಅಳಿಯ ಮನೆಯ ಹಿಂದಿನ ಹುಲ್ಲುಗಾವಲಿನಲ್ಲಿ ದಿಬ್ಬಕ್ಕೆ ಹಾರಿಸುತ್ತ ಪ್ರತಿ ಮೂರನೆಯ ಗುಂಡಿಗೆ ಕೂಗಾಡುವುದು ಅವಳ ಹಗಲು ನಿದ್ದೆಗೆ ಅಡ್ಡಿಯಾಗಿತ್ತು. ಊರುಗೋಲು ಊರಿಕೊಂಡು ಬಂದು, ಕೊಡು ಇಲ್ಲಿ ಎಂದಳು. ಕೋಲನ್ನು ಅಳಿಯನ ಕೈಗೆ ಕೊಟ್ಟು, ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಡಿದು, ಒಂದನೆಯ ನಂಬರಿನ ಹತ್ತು ಗುಂಡನ್ನೂ ಒಂದೇ ಸಮನೆ ಹಾರಿಸಿದಳು. ಎರಡನೆಯದನ್ನೂ ಮುಗಿಸಿದಳು. ಒಂದೂ ಸಿಕ್ಕಿಕೊಳ್ಳಲಿಲ್ಲ.

"ನೀನು ಕೋಳಿಮರಿ ಹಿಡಿದ ಹಾಗೆ ಹಿಡೀತೀಯ ಕಣಪ್ಪ," ಎಂದಳು ಅವಳು, "ಎಲ್ಲಿ ಸತ್ತು ಹೋಗುತ್ತೋ ಅಂತ. ಅದು ಸಾಯಲ್ಲ. ಗಟ್ಟಿಯಾಗಿ ಹಿಡಿ."

ಅದು ಮುದುಕಿಯ ಅದೃಷ್ಟ ಎಂದು ಡೆಲ್ಬರ್ಟ್ ನಿರ್ಧರಿಸಿದ. ಸಂಜೆಯವರೆಗೆ ಅತ್ತೆಯೊಡನೆ ಮಾತಾಡಲಿಲ್ಲ. ಆದರೆ ಊಟದ ಹೊತ್ತಿನಲ್ಲಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಉಪ್ಪಿನ ಬಾಟಲಿಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ನೋಡಿದ. ಮೂವತ್ನಾಲ್ಕು ವರ್ಷ ಗಿರಾಕಿಗಳ ಕೈಯನ್ನು ಹೂವಿನ ಹಾಗೆ ಕುಲುಕಿ ಅಭ್ಯಾಸವಾದ ಕೈ. ಬಾಟಲಿ ಜಾರಿ ವರ್ನಾಳ ಟ್ಯೂನಾದ ಮೇಲೆ ಬಿತ್ತು.

ಶನಿವಾರ ಗುರಿ ಮೈದಾನದಲ್ಲಿ ಪಡೆಯ ಆರು ಜನ ಮತ್ತು ಪ್ರಾರ್ಥನಾ ಸರಪಳಿಯ ಹದಿನಾಲ್ಕು ಹೆಂಗಸರು ಸೇರಿದ್ದರು. ಪರೀಕ್ಷೆಗೆ ಬಂದಿದ್ದವಳು ಶೆರೀಫನ ಕಚೇರಿಯ ಟ್ವೈಲಾ ಬ್ರಾಂಟ್. ಚಿಕ್ಕವಳಿದ್ದಾಗ ಭಾನುವಾರದ ಪಾಠಶಾಲೆಯಲ್ಲಿ ಡೆಲ್ಬರ್ಟನ ಹತ್ತಿರವೇ ಬೈಬಲಿನ ಪಾಠ ಕಲಿತವಳು, ಈಗ ಸೊಂಟಕ್ಕೆ ಬೆಲ್ಟು ಕಟ್ಟಿ, ಕೈಯಲ್ಲಿ ಕಾಗದದ ಹಲಗೆ ಹಿಡಿದು ನಿಂತಿದ್ದಳು. ಮೊದಲ ಐವರೂ ಗೆದ್ದರು. ಐವರದೂ ಸರಿಯಾಗಿ ಎರಡೆರಡು ಸಲ ಸಿಕ್ಕಿಕೊಂಡಿತು, ಮೂರನೆಯ ಸಲ ಯಾರಿಗೂ ಆಗಲಿಲ್ಲ. ದೂಳು ಜಾಸ್ತಿ ಇವತ್ತು ಎಂದು ಲಾಯ್ಡ್ ಎಲ್ಲರ ಪರವಾಗಿ ಹೇಳಿದ.

ಡೆಲ್ಬರ್ಟ್ ಮುಂದೆ ಬರುವಷ್ಟರಲ್ಲಿ ವರ್ನಾ ಸ್ಟಬಲ್‌ಫೀಲ್ಡ್ ಅಡ್ಡ ಬಂದಳು. ಅವಳ ಕೈಯಲ್ಲಿ ಮಣಿಕಟ್ಟಿಗೆ ಹಾಕುವ ಪಟ್ಟಿಯಿತ್ತು, ಅಂಗೈಯಿಂದ ಮೊಳಕೈಯ ಹತ್ತಿರದವರೆಗೆ, ಒಳಗೆ ಎರಡು ಉಕ್ಕಿನ ಪಟ್ಟೆಗಳಿರುವಂಥದ್ದು. ಅದು ತೀರಿಹೋದ ಅವಳ ಗಂಡನದು. ಅವನು ಕೊನೆಯ ವರ್ಷ ಅದನ್ನು ಹಾಕಿಕೊಂಡೇ ಮೀನು ಹಿಡಿಯುತ್ತಿದ್ದನಂತೆ, ಇನ್ನಾರಿಗೂ ಕೊಟ್ಟಿರಲಿಲ್ಲವಂತೆ. ಡೆಲ್ಬರ್ಟ್ ಬೇಡ ಎಂದ. ವರ್ನಾಳ ಗದ್ದ ನಡುಗಿತು. ಹದಿನಾಲ್ಕು ಹೆಂಗಸರು ಅವನನ್ನೇ ನೋಡಿದರು. ತೀರಿಹೋದವನ ಪಟ್ಟಿಯನ್ನು ಬೇಡವೆನ್ನುವ ಗಂಡಸು ಮಿಸ್ಸೂರಿಯಲ್ಲಿ ಇನ್ನೂ ಹುಟ್ಟಿಲ್ಲ. ಅವನು ಹಲ್ಲು ಕಡಿಯುತ್ತ ಕೈ ಮುಂದೆ ಚಾಚಿದ, ವರ್ನಾ ನರ್ಸಿನ ಕೈಯಲ್ಲಿ ಬಿಗಿಯಾಗಿ ಕಟ್ಟಿದಳು.

ಆಮೇಲೆ ನಡೆದದ್ದನ್ನು ನೋಡಿದವರೆಲ್ಲ ಇವತ್ತಿಗೂ ಹೇಳುತ್ತಾರೆ. ಡೆಲ್ಬರ್ಟನಿಗೆ ಮೈಯೆಲ್ಲ ಸಿಟ್ಟು, ಮಣಿಕಟ್ಟಿಗೆ ಉಕ್ಕು. ಹತ್ತು, ಇಪ್ಪತ್ತು, ಮೂವತ್ತು. ಒಂದೇ ಒಂದು ಸಲವೂ ಸಿಕ್ಕಿಕೊಳ್ಳಲಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಟ್ವೈಲಾ ಕಾಗದಕ್ಕೆ ಸಹಿ ಹಾಕಿದಳು. ನೋಡಿದಿರಾ, ನನ್ನ ಮಣಿಕಟ್ಟಿಗೆ ಏನೂ ಆಗಿಲ್ಲ ಎಂದು ಡೆಲ್ಬರ್ಟ್ ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಎಲ್ಲರೂ ಕಾರುಗಳ ಕಡೆ ಹೊರಟರು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವನು ಡೆಲ್ಬರ್ಟ್ ಆಗುತ್ತಿರಲಿಲ್ಲ. ಆ ದರಿದ್ರ ಪಟ್ಟಿಯ ಹಂಗು ತನಗೆ ಬೇಕಿರಲಿಲ್ಲ ಎಂದು ಟ್ವೈಲಾಳಿಗಾದರೂ ತೋರಿಸಬೇಕೆಂದು ಅದನ್ನು ಕಿತ್ತು, ಅವಳ ಅಪ್ಪಣೆ ಕೇಳಿ, ಹೊಸ ಮ್ಯಾಗಜಿನ್ ತುಂಬಿ ಹಾರಿಸಿದ. ಒಂದು. ಎರಡು. ಮೂರನೆಯದಕ್ಕೆ ತೋಟಾ ಬಾಯಲ್ಲಿ ನೆಟ್ಟಗೆ ನಿಂತಿತು.

ಟ್ವೈಲಾ ತೋಟಾವನ್ನು ನೋಡಿದಳು, ಆಮೇಲೆ ತನ್ನ ಹಳೆಯ ಮೇಷ್ಟರನ್ನು ನೋಡಿದಳು.

"ನಾನು ಸಹಿ ಹಾಕಿದ್ದು ಪಟ್ಟಿ ಹಾಕ್ಕೊಂಡ ಕೈಗೆ, ಹಕಬಿ ಸರ್," ಎಂದಳು. "ಅದನ್ನ ಹಾಕ್ಕೊಂಡೇ ಕೂತ್ಕೊಳ್ಳಿ. ಇಲ್ಲಾ ಅಂದ್ರೆ ಮಂಗಳವಾರ ಸಂಜೆ ಬನ್ನಿ, ಹಿಡಿಯೋದು ಹೇಳ್ಕೊಡ್ತೀನಿ. ಒಂದು ಗಂಟೆ ಸಾಕು."

ಹೇಳಿಕೊಡುವುದಂತೆ. ತಾನು ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿಸಿದ ಹುಡುಗಿ ತನಗೆ ಹೇಳಿಕೊಡುವುದಂತೆ. ಡೆಲ್ಬರ್ಟ್ ಪಟ್ಟಿಯನ್ನು ಮತ್ತೆ ಕಟ್ಟಿಕೊಂಡು ಮನೆಗೆ ಹೋದ.

ಭಾನುವಾರ ಅವನು ತನ್ನ ಕುರ್ಚಿಯಲ್ಲಿದ್ದ. ಎದೆಯ ಮೇಲೆ ಬಿಲ್ಲೆಯಿತ್ತು, ಗೋಡೆ ಬೆನ್ನಿಗಿತ್ತು, ಆದರೆ ಕೈ ಕಟ್ಟಲು ಪಟ್ಟಿ ಬಿಡುತ್ತಿರಲಿಲ್ಲ. ಹಾದುಹೋದವರೆಲ್ಲ ಆ ಕೈಯನ್ನು ಮಗುವಿನ ತಲೆ ಸವರುವಂತೆ ಸವರಿ ಹೋದರು. ಪ್ರಾರ್ಥನೆಯ ನಡುವೆ, ದೇವರ ಕೃಪೆಯನ್ನು ಕಂಡವರು ಎದ್ದು ಸಾಕ್ಷಿ ಹೇಳುವ ಹೊತ್ತು ಬಂತು. ಎದ್ದವನು ಲಾಯ್ಡ್ ಪೆಟಿಗ್ರೂ. ಕರವಸ್ತ್ರ ತೆಗೆದು, ನಮ್ಮ ನಡುವೆ ಒಬ್ಬ ಬಲಹೀನ ಸಹೋದರನಿದ್ದಾನೆ ಎಂದು ಶುರು ಮಾಡಿದ. ಒಣಗಿದ ಕೊಂಬೆಯಂಥ ಆ ಕೈಯ ಬಗ್ಗೆ, ಅದನ್ನು ಎತ್ತಲಾರದೆ ಅವನು ಪಟ್ಟ ಪಾಡಿನ ಬಗ್ಗೆ, ಹದಿನಾಲ್ಕು ಮನೆಗಳ ಪ್ರಾರ್ಥನೆಯಿಂದ ಆದ ಪವಾಡದ ಬಗ್ಗೆ ಮಾತಾಡಿದ. ಬಲಹೀನ ಎಂಬ ಮಾತನ್ನು ಐದು ಸಲ ಹೇಳಿದ. ವರ್ನಾ ಬಿಕ್ಕಿದಳು. ಪಾಸ್ಟರ್ ಎರಡೂ ಕೈ ಚಾಚಿ, ಬ್ರದರ್ ಡೆಲ್ಬರ್ಟ್, ನೀವೂ ಎರಡು ಮಾತು ಹೇಳಿ ಎಂದು ಕರೆದ.

ಹೂಂ ಎಂದು ತಲೆಬಾಗಿದ್ದರೆ ಸಾಕಿತ್ತು. ಕುರ್ಚಿ ಸಾಯುವತನಕ ಅವನದೇ. ಡೆಲ್ಬರ್ಟ್ ತಲೆಬಾಗಲೆಂದೇ ಎದ್ದ. ಆದರೆ ಎದುರಿಗೆ ನೂರೈವತ್ತು ಮುಖಗಳಲ್ಲೂ ಮರುಕ ತುಂಬಿತ್ತು, ಆ ಮರುಕವನ್ನು ಅವನು ವಾರದಿಂದ ಮೂರು ಹೊತ್ತೂ ತಿಂದಿದ್ದ. ಅವನೊಳಗೆ ಏನೋ ಕಿತ್ತುಕೊಂಡು ಬಂತು. ಅದು ಸತ್ಯವಂತಿಕೆಯಲ್ಲ, ಅಪ್ಪಟ ಸಿಟ್ಟು. ಆದರೂ ಬಾಯಿಂದ ಬಂದದ್ದು ಸತ್ಯವೇ.

"ನಂಗೆ ಯಾವ ಕಾಯಿಲೆನೂ ಇಲ್ಲ," ಎಂದ, "ಯಾವತ್ತೂ ಇರ್ಲಿಲ್ಲ. ನಂಗೆ ಪಿಸ್ತೂಲು ಹಿಡಿಯೋಕೆ ಬರಲ್ಲ, ಅಷ್ಟೇ. ಐವತ್ತು ವರ್ಷದಿಂದ ತಪ್ಪಾಗಿ ಹಿಡೀತಿದ್ದೀನಿ. ಎಣ್ಣೆ ಮೇಲೆ ಹಾಕ್ದೆ, ಮ್ಯಾಗಜಿನ್ ಮೇಲೆ ಹಾಕ್ದೆ, ಕಂಪನಿ ಮೇಲೆ ಹಾಕ್ದೆ. ಈ ಪಟ್ಟಿ ಬಿಚ್ಚಿದ್ರೆ ಮೂರನೇ ಗುಂಡಿಗೆ ಸಿಕ್ಕಿಕೊಳ್ಳುತ್ತೆ. ನೀವು ನನ್ನನ್ನ ದಡ್ಡ ಅನ್ನಿ, ತಡ್ಕೋತೀನಿ. ಬಲಹೀನ ಅಂತ ಮಾತ್ರ ಇನ್ನೊಂದು ಸಲ ಅನ್ಬೇಡಿ."

ಡೆಲ್ಬರ್ಟನಿಗೆ ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಪಟ್ಟಿ ಬಿಚ್ಚಿ ವರ್ನಾಳ ಮಡಿಲಿಗಿಟ್ಟ. ಹಾಗಾದರೆ ನನ್ನ ಟ್ಯೂನಾ ಯಾತಕ್ಕೆ ತಿಂದೆ ಎಂದು ಅವಳು ಕೇಳಿದಳು. ಅವನು ಎದೆಯ ಬಿಲ್ಲೆಯನ್ನು ತೆಗೆದು ಪಾಸ್ಟರನ ಮೇಜಿನ ಮೇಲಿಟ್ಟು, ಹಜಾರಕ್ಕೆ ಹೋಗಿ, ಡೋನಟ್ ಮೇಜಿನ ಹಿಂದೆ ತಾನಾಗಿಯೇ ನಿಂತುಕೊಂಡ. ಒಳಗೆ ಪಾಸ್ಟರ್, ಸದ್ಯಕ್ಕೆ ಪಡೆಯಿಂದ ಯಾರಾದರೂ ಆ ಕುರ್ಚಿಯಲ್ಲಿ ಕೂರಬೇಕು ಎಂದ. ಐವರಲ್ಲಿ ಒಬ್ಬನೂ ಏಳಲಿಲ್ಲ. ಎಲ್ಲರೂ ತಲೆ ತಗ್ಗಿಸಿ ಹಾಡಿನ ಪುಸ್ತಕ ಓದುತ್ತಿದ್ದರು. ಲಾಯ್ಡ್ ಕೂಡ.

ಮಂಗಳವಾರ ಸಂಜೆ ಡೆಲ್ಬರ್ಟ್ ಯಾರಿಗೂ ಹೇಳದೆ ಗುರಿ ಮೈದಾನಕ್ಕೆ ಹೊರಟ. ಒಬ್ಬನೇ ಅವಮಾನಪಟ್ಟು ಬರಲು ಮನಸ್ಸು ಗಟ್ಟಿಮಾಡಿಕೊಂಡಿದ್ದ. ಹೋಗಿ ನೋಡಿದರೆ ಅಲ್ಲಿ ಆಗಲೇ ಐದು ಗಾಡಿಗಳು ನಿಂತಿದ್ದವು. ಒಬ್ಬೊಬ್ಬನೂ ಟ್ವೈಲಾಳನ್ನು ಗುಟ್ಟಾಗಿ ಕೇಳಿಕೊಂಡು ಬಂದಿದ್ದ ಪಡೆಯ ಐವರೂ ಸಂತೆಯ ಮ್ಯಾಗಜಿನ್ನುಗಳ ಚೀಲ ಹಿಡಿದು, ಒಬ್ಬರ ಮುಖ ಒಬ್ಬರು ನೋಡದೆ ಸಾಲಾಗಿ ನಿಂತಿದ್ದರು. ಶನಿವಾರದ ದೂಳು ಅವರ ಮಣಿಕಟ್ಟಿನಲ್ಲೇ ಇತ್ತೆಂದು ಡೆಲ್ಬರ್ಟನಿಗೆ ಆಗ ಅರ್ಥವಾಯಿತು.

"ಮೊನ್ನೆ ನಾನೊಬ್ಬನೇ ಎದ್ದು ನಿಂತಾಗ ನೀವೆಲ್ಲ ಏನ್ ಮಾಡ್ತಿದ್ರಿ?" ಎಂದು ಕೇಳಿದ.

"ಹಾಡು ನೋಡ್ತಿದ್ವಿ, ಬ್ರದರ್," ಎಂದ ಲಾಯ್ಡ್.

"ಯಾವ ಹಾಡು?"

ಯಾರಿಗೂ ನೆನಪಿರಲಿಲ್ಲ.

ಟ್ವೈಲಾ ಜಗಳಕ್ಕೆ ಅವಕಾಶ ಕೊಡಲಿಲ್ಲ. ಬಾಯಿ ಅಗಲಿಸಿದ, ಸ್ಪ್ರಿಂಗು ಸತ್ತ ಮ್ಯಾಗಜಿನ್ನುಗಳನ್ನೆಲ್ಲ ಒಂದು ಡಬ್ಬಿಗೆ ಹಾಕಿಸಿ, ಉಳಿದವಕ್ಕೆ ನಂಬರು ಬರೆಸಿದಳು. ಮಣಿಕಟ್ಟು ಹೇಗೆ ನೆಟ್ಟಗಿರಬೇಕು, ಕೈಯ ಹಿಡಿತ ಎಷ್ಟು ಮೇಲಿರಬೇಕು ಎಂದು ಒಂದು ಸಲ ತೋರಿಸಿದಳು. ಪಾಸ್ಟರ್ ಹೇಳಿ ಕಳಿಸಿದ್ದನ್ನೂ ತಿಳಿಸಿದಳು: ಬಲ ಕೊಡುವ ಯಾವ ಪಟ್ಟಿಯೂ ಇಲ್ಲದೆ ಮೂವತ್ತಕ್ಕೆ ಮೂವತ್ತನ್ನೂ ಸಿಕ್ಕಿಕೊಳ್ಳದೆ ಮೊದಲು ಹಾರಿಸಿದವನಿಗೆ ಕುರ್ಚಿ. ಅವಳು ತೋರಿಸಿದ್ದು ಡೆಲ್ಬರ್ಟನ ಕೈಗೆ ಒಂದೇ ಸಲಕ್ಕೆ ಹತ್ತಿತ್ತು. ಮೂರು ದಿನದಿಂದ ಅವನು ಅಡುಗೆಮನೆಯ ಕಬ್ಬಿಣದ ಬಾಣಲೆಯನ್ನು ನೆಟ್ಟನೆಯ ಕೈಯಲ್ಲಿ ಎತ್ತಿ ಹಿಡಿದು ನಿಂತದ್ದು ಇಮೋಜೀನಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಚೀಟಿ ಎತ್ತಿದಾಗ ಮೊದಲ ಸರದಿ ಲಾಯ್ಡ್‌ಗೆ ಬಂತು, ಎರಡನೆಯದು ಡೆಲ್ಬರ್ಟನಿಗೆ. ಲಾಯ್ಡ್ ಪರೀಕ್ಷೆಗೆ ಮೊದಲು ಎರಡು ಗುಂಡು ಹಾರಿಸಿ ನೋಡಿಕೊಳ್ಳುತ್ತೇನೆ ಎಂದ. ಎರಡನೆಯದಕ್ಕೇ ಸಿಕ್ಕಿಕೊಂಡಿತು. ಡೆಲ್ಬರ್ಟ್ ಹಿಂದೆ ನಿಂತು ನೋಡುತ್ತಿದ್ದ. ಲಾಯ್ಡ್‌ನ ಮಣಿಕಟ್ಟು ನೀರಿನಲ್ಲಿ ನೆನೆದ ಕಾರ್ಪೆಟ್ಟಿನ ಹಾಗೆ ಜೋತುಬಿದ್ದಿತ್ತು. ಎದುರಿಗೇ ತೋರಿಸಿಕೊಟ್ಟ ಮೇಲೂ ಹೀಗೆ ಹಿಡಿಯುವುದೆಂದರೇನು ಎಂದು ಅವನಿಗೆ ಸಿಟ್ಟು ನೆತ್ತಿಗೇರಿತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಮುಂದೆ ನುಗ್ಗಿ, ಪಿಸ್ತೂಲು ಕೆಳಗಿಡಿಸಿ, ಲಾಯ್ಡ್‌ನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿದ. ಹೆಬ್ಬೆರಳು ಇಲ್ಲಿ, ಅಂಗೈ ಇನ್ನೂ ಮೇಲೆ, ಮೊಳಕೈ ಬಗ್ಗಬಾರದು, ಇದು ಕೋಳಿಮರಿಯಲ್ಲ, ಸಾಯುವುದಿಲ್ಲ ಎಂದು ಕೂಗುತ್ತ ಪೂರ್ತಿ ಐದು ನಿಮಿಷ ಪಾಠ ಹೇಳಿದ. ಪಡೆಯ ಐವರಿಗೆ ಅವನು ಹೇಳಿದ ಪಾಠಗಳಲ್ಲಿ ಸರಿಯಾದದ್ದು ಅದೊಂದೇ.

ಲಾಯ್ಡ್ ಮೂವತ್ತು ಗುಂಡು ಹಾರಿಸಿದ. ಒಂದೂ ಸಿಕ್ಕಿಕೊಳ್ಳಲಿಲ್ಲ.

ಅವನ ಹಿಂದೆಯೇ ಡೆಲ್ಬರ್ಟ್ ಕೂಡ ಮೂವತ್ತಕ್ಕೆ ಮೂವತ್ತು ಹಾರಿಸಿದ, ಆದರೆ ಟ್ವೈಲಾಳ ಕಾಗದದ ಮೇಲೆ ಲಾಯ್ಡ್‌ನ ಹೆಸರು ಆಗಲೇ ಬಿದ್ದಿತ್ತು. ಲಾಯ್ಡ್ ಕಾಗದ ಹಿಡಿದುಕೊಂಡು ಹತ್ತಿರ ಬಂದ. ಅವನ ಮುಖದಲ್ಲಿ ಈ ಸಲ ಮರುಕವಿರಲಿಲ್ಲ. ಕೈ ಚಾಚಿ, ನಿಮ್ಮಿಂದಲೇ ಇದು, ಬ್ರದರ್ ಎಂದ.

ಡೆಲ್ಬರ್ಟ್ ಆ ಕೈಯನ್ನು ಹಿಡಿದ. ಲಾಯ್ಡ್ ಅಯ್ಯೋ ಎನ್ನುವಷ್ಟು ಗಟ್ಟಿಯಾಗಿ ಹಿಡಿದ.

"ಹಿಡಿ ಅಂತ ಹೇಳ್ಕೊಟ್ಟೆ," ಎಂದ ಹಲ್ಲು ಕಡಿಯುತ್ತ, "ಗೆಲ್ಲು ಅಂತ ಹೇಳಿದ್ನಾ?"